ಡಾಕ್ಟರ್ ಚೀಟಿ ಬೇಡ, ಪಿ.ಟಿ. ಮೇಷ್ಟ್ರನ್ನು ಕಾಣಿ

(ಸಕಲೇಶಪುರ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೋರಿ ಬರೆದ ಪತ್ರದ ಸಾರಾಂಶ: ಎಂಟನೇ ತರಗತಿಯ ಮಗಳು ಪಿ.ಟಿ. ಪೀರಿಯಡ್ ಇರುವ ದಿನ ಹೊಟ್ಟೆನೋವು ಅನ್ನುತ್ತಾಳೆ. ಏಳನೆಯವರೆಗೆ ಊರಿನ ಸಣ್ಣ ಶಾಲೆಯಲ್ಲಿದ್ದಾಗ ಕತ್ತಲಾಗುವ ತನಕ ಆಡುತ್ತಿದ್ದವಳು ಈಗ ಅಮ್ಮನಿಗೆ ಕೆಲಸದಲ್ಲಿ ಕೈಜೋಡಿಸಿ, ಮಿಕ್ಕ ಹೊತ್ತು ಮೊಬೈಲ್ ಹಿಡಿದು ಮೂಲೆ ಸೇರುತ್ತಾಳೆ. ತಮ್ಮನಿಗೆ ಕ್ರಿಕೆಟ್ ಹುಚ್ಚು, ಭಾನುವಾರ ಹಾಸನಕ್ಕೆ ಕೋಚಿಂಗ್‌ಗೆ ಹೋಗುತ್ತಾನೆ. ‘ಮಗಳಿಗೆ ಡಾಕ್ಟರ್ ಚೀಟಿ ತಂದು ಪಿ.ಟಿ.ಯಿಂದ ಬಿಡಿಸಿ, ಆ ಹೊತ್ತಿನಲ್ಲಿ ಲೆಕ್ಕ ಮಾಡಿಸಿದರೆ ತಪ್ಪೇ?’)

ತಪ್ಪು ಸ್ವಾಮಿ. ಚೀಟಿ ಬರೆದುಕೊಡುವ ಡಾಕ್ಟರು ಸಿಗಬಹುದು, ಅದು ಬೇರೆ ಮಾತು.

‘ಈಗಿನ ಮಕ್ಕಳಿಗೆ ಮೈಗಳ್ಳತನ’ ಎಂದು ಬರೆದಿದ್ದೀರಿ. ಎರಡು ಸಾಲು ಮೇಲೆ, ಕತ್ತಲಾಗುವ ತನಕ ಆಡುತ್ತಿದ್ದಳು ಅಂತಲೂ ನೀವೇ ಬರೆದಿದ್ದೀರಿ. ಒಂದು ಬೇಸಿಗೆ ರಜೆಯಲ್ಲಿ ಮಗು ಮೈಗಳ್ಳಿ ಆಗುವುದಿಲ್ಲ. ಬದಲಾದದ್ದು ಶಾಲೆ.

ಶಿಕ್ಷಣ ಹಕ್ಕು ಕಾಯ್ದೆಯನ್ನು (2009) ನೋಡಿ. ಮೈದಾನ, ಆಟದ ಸಾಮಾನು ಎಲ್ಲ ಶಾಲೆಗೂ ಇರಬೇಕು ಅನ್ನುತ್ತದೆ. ಆದರೆ ದೈಹಿಕ ಶಿಕ್ಷಣ ಕಲಿಸುವವರ ಮಾತು ಬಂದಾಗ, 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಅರೆಕಾಲಿಕ ಬೋಧಕರು ಕಡ್ಡಾಯ. ತೋಟಗಳ ನಡುವೆ ಚದುರಿದ ನಮ್ಮ ಮಲೆನಾಡಿನ ಊರುಗಳಲ್ಲಿ ಎಷ್ಟು ಶಾಲೆ ಆ ನೂರು ಮುಟ್ಟುತ್ತವೆ? ನಿಮ್ಮ ಮಗಳು ಓದಿದ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಇರಲಿಲ್ಲವೆಂದೇ ನನ್ನ ಊಹೆ. ಅಲ್ಲಿ ಅವಳು ಆಡಿದ್ದು ಲಗೋರಿ, ಕುಂಟೆಬಿಲ್ಲೆ, ಮುಟ್ಟಾಟ. ನಿಯಮ ಅವರೇ ಮಾಡುತ್ತಿದ್ದರು, ಅವರೇ ಮುರಿಯುತ್ತಿದ್ದರು.

ಹೈಸ್ಕೂಲಿನಲ್ಲಿ ಜೂನ್ ಕಳೆಯುವಷ್ಟರಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಂಡ ಆರಿಸುವ ಗಡಿಬಿಡಿ. ಪೇಟೆ ಶಾಲೆಯಿಂದ ಬಂದ ಹುಡುಗಿಯರಿಗೆ ಖೊಖೊ ಮೊದಲೇ ಗೊತ್ತು. ಇವಳು ಬೆನ್ನಟ್ಟುವಾಗ ನಡುಗೆರೆ ದಾಟುತ್ತಾಳೆ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುತ್ತಾಳೆ. ಸೀಟಿ, ಫೌಲ್, ನಗು. ಮಾರನೇ ವಾರದಿಂದ ಹೊಟ್ಟೆನೋವು. ಖೊಖೊದಲ್ಲಿ ಅಂಕಣಕ್ಕೆ ಇಳಿಯುವವರು 9 ಜನ, ಕಬಡ್ಡಿಗೆ 7. ತರಗತಿಯ ಮಿಕ್ಕವರು ಮರದ ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು, ಇಲ್ಲವೇ ಹೋಂವರ್ಕ್ ಬರೆಯಬೇಕು. ಅಂಥ ಪೀರಿಯಡ್ ಯಾರಿಗೆ ಇಷ್ಟವಾದೀತು? ಅವಳು ಬೇಡ ಅನ್ನುತ್ತಿರುವುದು ಆಟವನ್ನಲ್ಲ, ಎಲ್ಲರೆದುರು ಪೆದ್ದಿ ಅನ್ನಿಸಿಕೊಳ್ಳುವುದನ್ನು.

ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ರನ್ ಹೊಡೆದದ್ದನ್ನು, ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದನ್ನು ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ತಪ್ಪದೆ ಕೇಳುತ್ತೇವೆ. ಹೆಮ್ಮೆಯೇ. ಆದರೆ ಪಿ.ಟಿ. ಪೀರಿಯಡ್ ಇರುವುದು ಅಂಥವರನ್ನು ಹುಡುಕಲಿಕ್ಕಷ್ಟೇ ಅಲ್ಲ, ಯಾವತ್ತೂ ಕಪ್ ಗೆಲ್ಲದ ಮಕ್ಕಳಿಗೂ ಅದು ಸೇರಿದ್ದು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈಬಳಲಿಸಬೇಕು, ವಾರದಲ್ಲಿ 3 ದಿನವಾದರೂ ಮೂಳೆ ಮತ್ತು ಸ್ನಾಯು ಗಟ್ಟಿಯಾಗುವಂಥ ಓಟ, ಜಿಗಿತ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಗೆದ್ದವರು, ಸೋತವರು ಎಂದು ಭೇದ ಮಾಡಿಲ್ಲ.

ಇನ್ನೊಂದು ಮಾತು, ಬೇಸರಿಸಬೇಡಿ. ಮಗನ ಕ್ರಿಕೆಟ್ಟಿಗೆ ಪತ್ರದಲ್ಲಿ ಅರ್ಧ ಪುಟ, ಮಗಳ ಸಂಜೆಗೆ ‘ಅಮ್ಮನಿಗೆ ಕೈಜೋಡಿಸುತ್ತಾಳೆ’ ಎಂಬ ಒಂದೇ ಸಾಲು. ಇದು ನಿಮ್ಮೊಬ್ಬರ ಮನೆಯ ಕತೆಯಲ್ಲ. 11ರಿಂದ 17 ವರ್ಷದ ಶಾಲಾ ಮಕ್ಕಳ ಬಗ್ಗೆ ಇದೇ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನ 81% ಮಕ್ಕಳಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಭಾರತ, ಬಾಂಗ್ಲಾದೇಶದ ಹುಡುಗಿಯರ ಸ್ಥಿತಿ ಮಾತ್ರ ಬೇರೆ ದೇಶಗಳಿಗಿಂತ ಕೊಂಚ ಮೇಲು. ಬೀಗಬೇಡಿ, ಹುಡುಗಿಯರ ಮೇಲೆ ಬಿದ್ದಿರುವ ಮನೆಗೆಲಸ ಅದಕ್ಕೆ ಕಾರಣ ಇರಬಹುದೆಂದು ಅವರೇ ಬರೆದಿದ್ದಾರೆ. ಪಾತ್ರೆ ತೊಳೆದು ಸುಸ್ತಾದವಳು ಮೊಬೈಲ್ ಹಿಡಿದರೆ ಮೊಬೈಲನ್ನೇ ಬೈದು ಏನು ಪ್ರಯೋಜನ? ಪಾತ್ರೆಗಳನ್ನು ತಮ್ಮನಿಗೂ ಹಂಚಿ.

ಎಸ್ಸೆಸ್ಸೆಲ್ಸಿಯ 625ರಲ್ಲಿ ದೈಹಿಕ ಶಿಕ್ಷಣಕ್ಕೆ ಜಾಗವಿಲ್ಲ, ಹಾಗಾಗಿ ಲೆಕ್ಕ ಮೇಲಲ್ಲವೇ ಎಂಬ ನಿಮ್ಮ ವಾದ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಕಸಿದ ಪೀರಿಯಡ್ಡಿನಲ್ಲಿ ಮಾಡಿಸಿದ ಲೆಕ್ಕ ತಲೆಗೆ ಹತ್ತುವುದು ಅಷ್ಟರಲ್ಲೇ ಇದೆ.

ಹೆಡ್ಮಾಸ್ಟರ ಹತ್ತಿರ ದೂರು ಒಯ್ಯಬೇಡಿ, ನೇರ ಪಿ.ಟಿ. ಮೇಷ್ಟ್ರನ್ನು ಕಾಣಿ. ಅವರ ಕಷ್ಟವೂ ಸಣ್ಣದಲ್ಲ: ಪ್ರಾರ್ಥನೆ, ಧ್ವಜ, ಆಗಸ್ಟ್ 15ರ ಕವಾಯತು, ಶಿಸ್ತು ಎಲ್ಲ ಅವರ ತಲೆಗೇ. ಕೂಟದಲ್ಲಿ ಕಪ್ ಬಾರದಿದ್ದರೆ ಬೈಗುಳವೂ ಅವರಿಗೇ. ತಂಡಕ್ಕೆ ಆಯ್ಕೆಯಾಗದ ಹುಡುಗಿಯರಿಗೆ ಮೊದಲ ಪಾಠದಿಂದ ಖೊಖೊ ಹೇಳಿಕೊಡಲು ಸಾಧ್ಯವೇ ಎಂದು ಕೇಳಿ. ಮುಟ್ಟಿನ ದಿನ ಯಾರಿಗೂ ವಿವರಿಸದೆ ಕೂರಲು ಅವಕಾಶ ಉಂಟೇ, ಓಡಲು ಆಗುವಂಥ ಬಟ್ಟೆ ಹಾಕಬಹುದೇ ಎಂಬುದನ್ನು ನಿಮ್ಮ ಮನೆಯವರು ಕೇಳಿದರೆ ಉತ್ತಮ. ಹೊಟ್ಟೆನೋವು ಎಷ್ಟೋ ಸಲ ನಿಜವೇ ಇದ್ದೀತು.

ಉಳಿದದ್ದು ಮಳೆ. ಸಕಲೇಶಪುರದ ಜುಲೈನಲ್ಲಿ ಮೈದಾನ ಎಂದರೆ ಗದ್ದೆ. ವರಾಂಡದಲ್ಲಿ ಸ್ಕಿಪ್ಪಿಂಗ್ ಹಗ್ಗಕ್ಕೆ, ರಿಂಗ್ ಆಟಕ್ಕೆ ದುಡ್ಡೂ ಹೆಚ್ಚು ಬೇಡ, ತಂಡವೂ ಬೇಡ. ಮಳೆಗಾಲದ ಪಿ.ಟಿ. ಪೀರಿಯಡ್ಡನ್ನು ಇಡೀ ತರಗತಿಗೆ ಹೇಗೆ ಒದಗಿಸುತ್ತೀರಿ ಎಂದು ಮಲೆನಾಡಿನ ದೈಹಿಕ ಶಿಕ್ಷಕರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸುತ್ತೇವೆ.

– ಸಂ.