ಒಂದು ಸಾಲಿನ ಕಾನೂನಿಗೆ ಎಷ್ಟು ಖರ್ಚು?

ಪ್ರಶ್ನೆ: ನನ್ನ ಮಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ರಾಜ್ಯದ ಅಟಾರ್ನಿ ಜನರಲ್‌ಗೆ ಕ್ರಿಮಿನಲ್ ಕೇಸು ನಡೆಸುವ ಅಧಿಕಾರ ಹೆಚ್ಚಿಸಿದರೆ ಬಜೆಟ್‌ಗೆ ಹೊರೆಯಾಗುತ್ತೆ ಅಂತ ಅವನ ಸ್ನೇಹಿತರು ವಾದಿಸುತ್ತಾರಂತೆ. ಕಾನೂನಿಗೆ ಒಂದು ಸಾಲು ಸೇರಿಸೋಕೆ ಏನು ಖರ್ಚು ಸ್ವಾಮಿ? ಅವರೂ ನಮ್ಮ ಅಡ್ವೊಕೇಟ್ ಜನರಲ್ ಥರಾನೇ ಅಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಕೊನೆಯ ಪ್ರಶ್ನೆ ಮೊದಲು ಮುಗಿಸೋಣ. ಆ ಥರ ಅಲ್ಲ. ನಮ್ಮ ಅಡ್ವೊಕೇಟ್ ಜನರಲ್‌ರನ್ನು ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ. ಸೆಷನ್ಸ್ ಕೋರ್ಟಿನಲ್ಲಿ ಕೊಲೆ ಕೇಸು ನಡೆಸುವವರು ಪಬ್ಲಿಕ್ ಪ್ರಾಸಿಕ್ಯೂಟರ್. ಮಿನ್ನೆಸೋಟದಲ್ಲಿ ಅಟಾರ್ನಿ ಜನರಲ್‌ರನ್ನು, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲರನ್ನು, ಜನ ವೋಟು ಹಾಕಿ ಆರಿಸುತ್ತಾರೆ. ಅಲ್ಲಿನ 87 ಕೌಂಟಿಗಳಿಗೂ (ನಮ್ಮ ಜಿಲ್ಲೆ ಅಂದುಕೊಳ್ಳಿ) ಕೌಂಟಿ ಅಟಾರ್ನಿಗಳಿದ್ದಾರೆ, ಅವರೂ ಚುನಾಯಿತರೇ. ದೊಡ್ಡ ಅಪರಾಧಗಳ ಕೇಸು ನಡೆಸುವುದು ಮುಖ್ಯವಾಗಿ ಇವರು. ಕೌಂಟಿ ಅಟಾರ್ನಿ ಕೇಳಿಕೊಂಡರೆ, ಇಲ್ಲವೇ ಗವರ್ನರ್ ಆದೇಶಿಸಿದರೆ, ಅಟಾರ್ನಿ ಜನರಲ್ ಕೈಗೆ ಕೇಸು ಹೋಗುತ್ತದೆ.

ಈಗ ಖರ್ಚಿಗೆ ಬರೋಣ. ನಾನು 31 ವರ್ಷ ಖಜಾನೆಯಲ್ಲಿ ಬಿಲ್ಲು ನೋಡಿದವನು. ‘ಸರ್ಕಾರಕ್ಕೆ ಹೆಚ್ಚುವರಿ ಆರ್ಥಿಕ ಹೊರೆ ಇರುವುದಿಲ್ಲ’ ಅನ್ನುವ ಸಾಲು ಕಂಡರೆ ಈಗಲೂ ಕನ್ನಡಕ ಸರಿ ಮಾಡಿಕೊಳ್ಳುತ್ತೇನೆ. ಒಂದು ಇಲಾಖೆ ಹೀಗೇ ಬರೆಸಿಕೊಂಡು ಒಬ್ಬ ಅಧಿಕಾರಿಗೆ ಹೊಸ ಅಧಿಕಾರ ಕೊಟ್ಟಿತು. ಆರು ತಿಂಗಳಿಗೆ ಮೇಜು, ಕುರ್ಚಿ, ಬೀರು ಕೇಳಿ ಪತ್ರ ಬಂತು. ಆಮೇಲೆ ಒಬ್ಬ ಟೈಪಿಸ್ಟ್. ಆಮೇಲೆ ಜೀಪು. ಜೀಪಿಗೆ ಡ್ರೈವರ್ ಬೇಡವಾ?

ಕೇಸು ಕೈ ಬದಲಾಯಿಸಿದೆಯೋ, ಹೊಸದಾಗಿ ಹುಟ್ಟಿದೆಯೋ ಅನ್ನುವುದನ್ನು ನಿಮ್ಮ ಮಗ ಮೊದಲು ನೋಡಬೇಕು. ಕೌಂಟಿಯ ಕೇಸು ರಾಜ್ಯಕ್ಕೆ ಬಂದರೆ ವಕೀಲರ ಸಂಬಳದ ಭಾರ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಯಿತು, ಅಷ್ಟೆ. ಕೌಂಟಿ ಆಸ್ತಿ ತೆರಿಗೆ ಎತ್ತುತ್ತದೆ, ರಾಜ್ಯ ಆದಾಯ ತೆರಿಗೆ ಎತ್ತುತ್ತದೆ. ಕಟ್ಟುವವನು ನಿಮ್ಮ ಮಗನೇ. ಆದರೆ ಕೌಂಟಿ ಬೇಡ ಅಂದ ಕೇಸನ್ನೂ ರಾಜ್ಯ ಹಾಕಬಹುದು ಅಂತಾದರೆ ಲೆಕ್ಕ ಬೇರೆ. ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು, 1963ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಮಾತು. ಮಿನ್ನೆಸೋಟದಲ್ಲಿ ಆ ವಕೀಲರಿಗೂ, ಕೋರ್ಟಿಗೂ, ದೊಡ್ಡ ಜೈಲಿಗೂ ದುಡ್ಡು ಬರುವುದು ರಾಜ್ಯದ ಬೊಕ್ಕಸದಿಂದ. ಅಟಾರ್ನಿ ಜನರಲ್ ಕಚೇರಿಯ ಖರ್ಚಷ್ಟೇ ತೋರಿಸಿದರೆ ಬಾಲ ಬಿಟ್ಟು ಹಸು ಅಳೆದ ಹಾಗೆ. ಬಾಲವೇ ಉದ್ದ ಇಲ್ಲಿ.

ಜಾರ್ಜ್ ಫ್ಲಾಯ್ಡ್ ಕೇಸು ನೆನಪಿದೆಯಲ್ಲ? 2020ರ ಮೇ 25ರಂದು ಮಿನ್ನೆಸೋಟದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರು ನೆಲಕ್ಕೆ ಒತ್ತಿ ಹಿಡಿದಿದ್ದಾಗ ಫ್ಲಾಯ್ಡ್ ಸತ್ತರು. ಆರು ದಿನಕ್ಕೆ ಕೇಸಿನ ಮುಂದಾಳತ್ವ ಅಟಾರ್ನಿ ಜನರಲ್ ಕೀತ್ ಎಲಿಸನ್ ಅವರಿಗೆ ಬಂತು. ಅಧಿಕಾರ ಬಂದದ್ದು ಒಂದೇ ದಿನದಲ್ಲಿ. ಕೈಗಳು? ನೀಲ್ ಕತ್ಯಾಲ್, ಜೆರ್ರಿ ಬ್ಲ್ಯಾಕ್‌ವೆಲ್, ಸ್ಟೀವ್ ಷ್ಲೈಷರ್ ಥರದ ಹೊರಗಿನ ಹೆಸರಾಂತ ವಕೀಲರು ಫೀಸಿಲ್ಲದೆ ನಿಂತರು. ಶ್ವಾಸಕೋಶದ ತಜ್ಞ ಡಾ. ಮಾರ್ಟಿನ್ ಟೋಬಿನ್ ಕೂಡ ಸಾಕ್ಷಿಗೆ ಫೀಸು ಕೇಳಲಿಲ್ಲ. 2021ರ ಏಪ್ರಿಲ್ 20ರಂದು, ಫ್ಲಾಯ್ಡ್ ಕುತ್ತಿಗೆ ಮೇಲೆ ಮಂಡಿಯೂರಿದ್ದ ಪೊಲೀಸ್ ಡೆರೆಕ್ ಶಾವಿನ್ ಅಪರಾಧಿ ಅಂತ ತೀರ್ಪಾಯಿತು. ಪ್ರಪಂಚವೇ ನೋಡುತ್ತಿದ್ದ ಕೇಸು, ಅದಕ್ಕೇ ಅಷ್ಟು ಜನ ಪುಕ್ಕಟೆ ಬಂದರು. ಯಾವುದೋ ಹಳ್ಳಿಗಾಡಿನ ಕೌಂಟಿಯ ಕೊಲೆ ಕೇಸಿಗೆ ಯಾರು ಬರುತ್ತಾರೆ? ಅಲ್ಲಿ ಸಂಬಳ ಕೊಟ್ಟು ವಕೀಲರನ್ನು ಇಟ್ಟುಕೊಳ್ಳಲೇಬೇಕು.

ಹಾಗಂತ ಅಧಿಕಾರ ಹೆಚ್ಚಿಸಬಾರದು ಅಂತ ನಾನು ಹೇಳುತ್ತಿಲ್ಲ. ಡೆಲವೇರ್ ಅನ್ನುವ ಪುಟ್ಟ ರಾಜ್ಯದಲ್ಲಿ ಕ್ರಿಮಿನಲ್ ಕೇಸೆಲ್ಲ ಅಟಾರ್ನಿ ಜನರಲ್ ಕಚೇರಿಯದೇ. ಆದರೆ ಅಲ್ಲಿರುವುದು ಮೂರೇ ಕೌಂಟಿ, ಮತ್ತು ಆ ಕಚೇರಿಗೆ ಅದಕ್ಕೆ ತಕ್ಕ ಜನ ಇದ್ದಾರೆ.

ಮಿನ್ನೆಸೋಟದಲ್ಲಿ ಬಜೆಟ್ ಎರಡು ವರ್ಷಕ್ಕೊಮ್ಮೆ. ಮಸೂದೆಗೆ ಎಷ್ಟು ಖರ್ಚಾಗುತ್ತೆ ಅಂತ ಅಂದಾಜು ಪಟ್ಟಿ ತರಿಸಿಕೊಳ್ಳುತ್ತಾರೆ. ‘ಫಿಸ್ಕಲ್ ನೋಟ್’ ಅಂತಾರೆ, ನಮ್ಮಲ್ಲಿ ಮಸೂದೆಯ ಜೊತೆ ಇಡುವ ಆರ್ಥಿಕ ಜ್ಞಾಪನ ಪತ್ರದ ದೊಡ್ಡಣ್ಣ. ಅಂಥ ಮಸೂದೆ ಬಂದರೆ ನಿಮ್ಮ ಮಗ ಅದನ್ನು ತೆರೆದು ಡಾಲರ್ ಲೆಕ್ಕಕ್ಕಿಂತ ಮೊದಲು ಹುದ್ದೆಗಳ ಸಾಲು ನೋಡಲಿ. ಅಲ್ಲಿ ಸೊನ್ನೆ ಇದ್ದರೆ, ಮೇಜು ಕುರ್ಚಿಯ ಪತ್ರ ಮುಂದಿನ ಬಜೆಟ್‌ಗೆ ಬರುತ್ತದೆ.