ಮಾರಾಟಕ್ಕೆ ಮುಂಚಿನ ಮನೆ ತಪಾಸಣೆಯನ್ನು ಮಾಲೀಕರಿಗೂ ಏಜೆಂಟರಿಗೂ ಹೇಗೆ ಒಪ್ಪಿಸುವುದು?

ಖರೀದಿದಾರರ ಪರವಾಗಿ ಮನೆ ತಪಾಸಣೆ ಮಾಡುವ ಕೆಲಸ ನಿಮಗೆ ಸಾಕಷ್ಟು ಬರುತ್ತಿದೆ. ಆದರೆ ಮನೆಯನ್ನು ಮಾರುಕಟ್ಟೆಗೆ ತರುವ ಮೊದಲೇ ತಪಾಸಣೆ ಮಾಡಿಸಿ ಎಂದರೆ ಮಾಲೀಕರು ಖರ್ಚಿಗೆ ಹಿಂಜರಿಯುತ್ತಾರೆ, ಏಜೆಂಟರು ಮಾತು ಮರೆಸುತ್ತಾರೆ ಎಂದು ಬರೆದಿದ್ದೀರಿ. ಇದೇ ವೃತ್ತಿಯಲ್ಲಿರುವ ನಾನು ಕಂಡುಕೊಂಡಿರುವುದೇನೆಂದರೆ, ಏಜೆಂಟರ ಮೌನಕ್ಕೆ ಕಾರಣ ನಿಮ್ಮ ಶುಲ್ಕವಲ್ಲ, ಭಯ. ವರದಿಯಲ್ಲಿ ಒಂದು ದೋಷ ದಾಖಲಾದರೆ ಅದನ್ನು ಖರೀದಿದಾರರಿಗೆ ತಿಳಿಸಲೇಬೇಕಾಗುತ್ತದೆ, ಆದ್ದರಿಂದ ತಿಳಿಯದಿರುವುದೇ ಕ್ಷೇಮ ಎಂದು ಅವರಲ್ಲಿ ಅನೇಕರು ನಂಬಿದ್ದಾರೆ. ಈ ಭಯಕ್ಕೆ ನೀವು ನೇರವಾಗಿ ಉತ್ತರಿಸದಿದ್ದರೆ ಎಷ್ಟು ಕರಪತ್ರ ಹಂಚಿದರೂ ಪ್ರಯೋಜನವಾಗುವುದಿಲ್ಲ.

ಆ ಭಯದಲ್ಲಿ ಸತ್ಯಾಂಶವಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ. ತನಗೆ ಗೊತ್ತಿರುವ ಗಂಭೀರ ದೋಷವನ್ನು ಮಾರಾಟಗಾರ ಮುಚ್ಚಿಡುವಂತಿಲ್ಲ ಎಂಬ ನಿಯಮ ಹಲವೆಡೆ ಇದೆ. ಅಮೆರಿಕದ ಫ್ಲೋರಿಡಾ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1985ರ ಜಾನ್ಸನ್ ವಿರುದ್ಧ ಡೇವಿಸ್ ಪ್ರಕರಣದಲ್ಲಿ, ಸೋರುವ ಚಾವಣಿಯ ಸಂಗತಿಯೊಂದರಲ್ಲಿ ಇದನ್ನೇ ಹೇಳಿತು. ಆದರೆ ಅದಕ್ಕೂ ಒಂದು ವರ್ಷ ಮೊದಲು, 1984ರಲ್ಲಿ, ಕ್ಯಾಲಿಫೋರ್ನಿಯಾದ ಈಸ್ಟನ್ ವಿರುದ್ಧ ಸ್ಟ್ರಾಸ್‌ಬರ್ಗರ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವು, ಏರುಪೇರಾದ ನೆಲದಂತಹ ಸುಳಿವುಗಳು ಕಣ್ಣೆದುರಿಗೇ ಇದ್ದರೂ ಮಣ್ಣು ಕುಸಿಯುವ ದೋಷವನ್ನು ವಿಚಾರಿಸದ ಏಜೆಂಟರನ್ನೂ ಹೊಣೆಗಾರರನ್ನಾಗಿಸಿತು. ಅಂದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಏಜೆಂಟರಿಗೆ ಅವರು ಭಾವಿಸಿದಷ್ಟು ಗಟ್ಟಿಯಾದ ರಕ್ಷಣೆಯಲ್ಲ. ನಿಯಮಗಳು ಊರಿಂದೂರಿಗೆ ಬೇರೆಯಾಗುವುದರಿಂದ ನೀವು ವಕೀಲರ ಪಾತ್ರ ವಹಿಸಬೇಡಿ. ಸ್ಥಳೀಯ ಕಾನೂನನ್ನು ವಕೀಲರಲ್ಲಿ ಕೇಳಿಕೊಳ್ಳುವಂತೆ ಏಜೆಂಟರಿಗೆ ನೀವೇ ಹೇಳಿ. ಹಾಗೆ ಹೇಳುವವರ ಮೇಲೆ ನಂಬಿಕೆ ಹುಟ್ಟುತ್ತದೆ.

ಇದಾದ ಮೇಲೆ ನಿಮ್ಮ ಮುಖ್ಯ ವಾದವನ್ನು ಮುಂದಿಡಬಹುದು. ಒಪ್ಪಂದವಾದ ಮೇಲೆ ಖರೀದಿದಾರರು ತಮ್ಮ ತಪಾಸಕನನ್ನು ಕರೆತಂದೇ ತರುತ್ತಾರೆ, ದೋಷ ಆಗ ಹೊರಬೀಳುತ್ತದೆ, ವ್ಯವಹಾರ ಮುರಿದುಬಿದ್ದರೆ ಮುಂದಿನ ಖರೀದಿದಾರರಿಗೂ ಅದನ್ನು ತಿಳಿಸಬೇಕಾಗುತ್ತದೆ. ಕೆಟ್ಟ ಸುದ್ದಿ ಹೇಗೂ ಬರುತ್ತದೆ. ಬರುವ ಹೊತ್ತನ್ನು ಮಾತ್ರ ಮಾರಾಟಗಾರ ಆರಿಸಿಕೊಳ್ಳಬಹುದು. ಮೊದಲೇ ತಿಳಿದರೆ ಅವರು ಮೂರ್ನಾಲ್ಕು ಕಡೆ ದರ ಕೇಳಿ, ನಿಧಾನವಾಗಿ ಯೋಚಿಸಿ, ದುರಸ್ತಿ ಮಾಡಿಸಬೇಕೋ ಇದ್ದಂತೆಯೇ ತಿಳಿಸಿ ಬೆಲೆಯಲ್ಲಿ ಹೊಂದಿಸಿಕೊಳ್ಳಬೇಕೋ ಎಂದು ನಿರ್ಧರಿಸಬಹುದು. ಒಪ್ಪಂದವಾದ ಮೇಲೆ, ಅದರ ಗಡುವು ಹತ್ತಿರವಿರುವಾಗ ತಿಳಿದರೆ ಅದೇ ದುರಸ್ತಿಗೆ ಎದುರಿನವರು ಊಹಿಸಿದ ಮೊತ್ತವೇ ಚೌಕಾಸಿಯ ಆಧಾರವಾಗುತ್ತದೆ.

ಮಾಲೀಕರಿಗೆ ಇದನ್ನು ವಿವರಿಸುವಾಗ ಫೌಂಡೇಶನ್ ಬಿರುಕಿನಂತಹ ದೊಡ್ಡ ಉದಾಹರಣೆಗಳಿಂದ ಹೆದರಿಸಬೇಡಿ. ಒಂದೇ ಬ್ರೇಕರ್‌ಗೆ ಸಿಕ್ಕಿಸಿದ ಎರಡು ವೈರುಗಳು, ಬಚ್ಚಲುಮನೆಯ ತೇವದ ಗಾಳಿಯನ್ನು ಹೊರಗೆ ಬಿಡದೆ ಅಟ್ಟಕ್ಕೆ ತಳ್ಳುವ ಫ್ಯಾನ್, ವಾಟರ್ ಹೀಟರಿನ ಸುರಕ್ಷತಾ ವಾಲ್ವಿಗೆ ಇಲ್ಲದ ಪೈಪು, ಮಳೆನೀರನ್ನು ಗೋಡೆಯತ್ತಲೇ ಹರಿಸುವ ಅಂಗಳದ ಇಳಿಜಾರು: ಇವುಗಳಲ್ಲಿ ಹೆಚ್ಚಿನವು ಕಡಿಮೆ ಖರ್ಚಿನಲ್ಲಿ ಸರಿಹೋಗುವಂಥವು. ಆದರೆ ಇಂಥವೆಲ್ಲ ಒಂದೇ ವರದಿಯಲ್ಲಿ ಸಾಲಾಗಿ ಕಂಡಾಗ ಈ ಮನೆಯನ್ನು ಯಾರೂ ನೋಡಿಕೊಂಡೇ ಇಲ್ಲ ಎಂಬ ಭಾವನೆ ಖರೀದಿದಾರರಲ್ಲಿ ಮೂಡುತ್ತದೆ. ವ್ಯವಹಾರಗಳನ್ನು ಮುರಿಯುವುದು ಎಷ್ಟೋ ಸಲ ಈ ಭಾವನೆಯೇ.

ನಿಮ್ಮ ಜಾಹೀರಾತಿನಲ್ಲಿ ಹೆಚ್ಚಿನ ಬೆಲೆಯ ಭರವಸೆಯನ್ನಾಗಲಿ, ಮುಂದೆ ಯಾವ ದೋಷವೂ ಕಾಣದು ಎಂಬ ಮಾತನ್ನಾಗಲಿ ಎಂದಿಗೂ ಸೇರಿಸಬೇಡಿ. ನಮ್ಮದು ಕಣ್ಣಿಗೆ ಕಾಣುವುದರ ತಪಾಸಣೆ. ಗೋಡೆಯ ಒಳಗಿನದು, ನೆಲದಡಿಯ ಒಳಚರಂಡಿ ಪೈಪಿನದು ಅದರ ವ್ಯಾಪ್ತಿಗೆ ಬರುವುದಿಲ್ಲ ಎಂಬುದನ್ನು ದೊಡ್ಡ ಅಕ್ಷರದಲ್ಲೇ ಹೇಳಬೇಕು.

ಯಾವ ಏಜೆಂಟರ ಬಳಿ ಹೋಗಬೇಕು ಎಂಬುದು ನೀವು ಕೇಳದಿದ್ದರೂ ಮುಖ್ಯವಾದ ಸಂಗತಿ. ಹೆಚ್ಚಾಗಿ ಖರೀದಿದಾರರ ಜೊತೆ ಓಡಾಡುವವರನ್ನು ಬಿಟ್ಟು, ಮಾಲೀಕರಿಂದ ಮನೆಗಳನ್ನು ಮಾರಾಟಕ್ಕೆ ಒಪ್ಪಿಸಿಕೊಳ್ಳುವವರನ್ನು ಹುಡುಕಿ. ಅದರಲ್ಲೂ ಇತ್ತೀಚೆಗೆ ತಪಾಸಣೆಯ ಹಂತದಲ್ಲಿ ವ್ಯವಹಾರ ಕಳೆದುಕೊಂಡವರಿಗೆ ನಿಮ್ಮ ಮಾತು ಬೇಗ ಅರ್ಥವಾಗುತ್ತದೆ. ಹಳೆಯ ಮನೆಗಳು, ಹಿರಿಯರಿಂದ ಬಂದು ವಾರಸುದಾರರು ಎಂದೂ ವಾಸಿಸದ ಮನೆಗಳು ಈ ಸೇವೆಗೆ ಹೇಳಿಮಾಡಿಸಿದಂಥವು, ಏಕೆಂದರೆ ಅಲ್ಲಿ ಮಾರುವವರಿಗೇ ಮನೆಯ ಸ್ಥಿತಿ ತಿಳಿದಿರುವುದಿಲ್ಲ. ಏಜೆಂಟರು ಮಾಲೀಕರನ್ನು ಮೊದಲು ಭೇಟಿಯಾಗುವಾಗ ಕೊಡಬಹುದಾದ ಒಂದು ಪುಟದ ವಿವರಣೆ ಮತ್ತು ಹೆಸರು, ವಿಳಾಸ ತೆಗೆದ ಒಂದು ಮಾದರಿ ವರದಿಯನ್ನು ಸಿದ್ಧಮಾಡಿ ಕೊಡಿ. ಯಾವುದನ್ನು ತಕ್ಷಣ ಸರಿಪಡಿಸಬೇಕು, ಯಾವುದು ಕೇವಲ ವಯಸ್ಸಿನ ಲಕ್ಷಣ ಎಂಬುದು ಆ ವರದಿಯ ಮೊದಲ ಪುಟದಲ್ಲೇ ಸ್ಪಷ್ಟವಾಗಿರಲಿ. ಅನುಮಾನಪಡುವವರಿಗೆ ಸ್ಕಾಟ್ಲೆಂಡನ್ನು ತೋರಿಸಿ. ಅಲ್ಲಿ 2008ರ ಡಿಸೆಂಬರಿನಿಂದ ಬಹುತೇಕ ಮನೆಗಳನ್ನು ಮಾರುಕಟ್ಟೆಗೆ ತರುವ ಮೊದಲೇ ಮಾರಾಟಗಾರರು ‘ಹೋಮ್ ರಿಪೋರ್ಟ್’ ಮಾಡಿಸಿಟ್ಟಿರಬೇಕು, ಅದರಲ್ಲಿ ಮನೆಯ ಪ್ರತಿ ಭಾಗದ ಸ್ಥಿತಿಗೆ 1ರಿಂದ 3ರವರೆಗಿನ ದರ್ಜೆ ಇರುತ್ತದೆ.

ಶುಲ್ಕದ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಕೆಲಸ ಕಳಿಸಿದ ಏಜೆಂಟರಿಗೆ ಕಮಿಷನ್ ಕೊಡಬಾರದು. 1976ರಲ್ಲಿ ಸ್ಥಾಪನೆಯಾದ ಅಮೆರಿಕನ್ ಸೊಸೈಟಿ ಆಫ್ ಹೋಮ್ ಇನ್‌ಸ್ಪೆಕ್ಟರ್ಸ್ ಸಂಸ್ಥೆಯ ನೀತಿಸಂಹಿತೆ ಇದನ್ನು ನಿಷೇಧಿಸುತ್ತದೆ. ಮನೆ ಮಾರಾಟವಾದಾಗ ಹಣ ಕೊಟ್ಟರೆ ಸಾಕು ಎಂಬ ಕೊಡುಗೆ ಮಾಲೀಕರನ್ನು ಸುಲಭವಾಗಿ ಸೆಳೆಯುತ್ತದೆ, ಆದರೆ ಸಂಭಾವನೆ ಮಾರಾಟವನ್ನೇ ಅವಲಂಬಿಸಿರಬಾರದು ಎಂದೂ ಅದೇ ಸಂಹಿತೆ ಹೇಳುತ್ತದೆ. ಮುಂದೂಡಿದ ಪಾವತಿಗೆ ಒಪ್ಪುವುದಾದರೆ ಮನೆ ಮಾರಾಟವಾಗದಿದ್ದರೂ ಇಂತಿಷ್ಟು ದಿನಕ್ಕೆ ಹಣ ಸಲ್ಲಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳಿ.

ದುರಸ್ತಿಯಾದ ಮೇಲೆ ಮರುತಪಾಸಣೆ ಮಾಡಿ, ರಸೀದಿಗಳನ್ನು ವರದಿಗೆ ಲಗತ್ತಿಸಿಕೊಡುವುದನ್ನು ಸೇವೆಯ ಭಾಗವಾಗಿಸಿ. ಮನೆ ನೋಡಲು ಬಂದವರ ಕೈಗೆ ಏಜೆಂಟರು ಧೈರ್ಯವಾಗಿ ಕೊಡುವುದು ಆ ಕಡತವನ್ನೇ. ಆ ದುರಸ್ತಿಯನ್ನು ಮಾತ್ರ ನೀವಾಗಲಿ ನಿಮ್ಮ ಸಂಸ್ಥೆಯಾಗಲಿ ಮಾಡಬಾರದು. ಖರೀದಿದಾರರು ತಮ್ಮದೇ ತಪಾಸಣೆ ಮಾಡಿಸುವ ಹಕ್ಕನ್ನು ಈ ವರದಿ ಕಸಿಯುವುದಿಲ್ಲ ಎಂದು ಅದರ ಮೊದಲ ಪುಟದಲ್ಲೇ ಬರೆಯಿರಿ, ಮತ್ತು ಅದೇ ಮನೆಯನ್ನು ಅವರ ಪರವಾಗಿ ನೋಡಲು ನಿಮ್ಮನ್ನೇ ಕರೆದರೆ ಬೇರೆ ತಪಾಸಕರ ಹೆಸರು ಹೇಳಿ ಕಳಿಸಿ.