ಎಷ್ಟಕ್ಕೆ ಎಷ್ಟು, ಮಾಡಿದವರು ಯಾರು?

ನಮಸ್ಕಾರ.

ಅಚ್ಚಿಗೆಂದು ನೀವು ಕಳಿಸಿದ ‘ಚಿಮಣಿಗೂ ಒಂದು ಕಾನೂನು’ ಲೇಖನ ಓದಿದೆ. ನಿಮ್ಮೂರ ಹೊಳೆಯಾಚೆಯ ರೇಯಾನ್ ಕಾರ್ಖಾನೆ, ಅದು ಬಿಡುವ ಗಾಳಿ, ಆ ಗಾಳಿಗೆ ಇರುವ ನಿಯಮ, ಇದು ವಿಷಯ. ಕಾರ್ಖಾನೆಯ ಹೆಸರು ನೀವು ಬರೆದಿಲ್ಲ, ನಾನೂ ಕೇಳಲ್ಲ. ಭಾಷೆ ಓದಿಸಿಕೊಂಡು ಹೋಗುತ್ತದೆ. ಕಾಗುಣಿತದ ತಪ್ಪಿಲ್ಲ. ಗಾಳಿ ತಿರುಗಿದ ಕೂಡಲೇ ಅಜ್ಜಿ ಹಗ್ಗದ ಮೇಲಿನ ಬಟ್ಟೆ ಎಳೆದುಕೊಂಡು ಒಳಗೆ ಓಡುವ ಸಾಲು ಇಷ್ಟವಾಯಿತು. ಹೊಗಳಿಕೆ ಇಷ್ಟೇ. ಎರಡನೇ ಪುಟಕ್ಕೆ ಬರುವ ಹೊತ್ತಿಗೆ ನನಗೆ ಸಿಟ್ಟು ಬಂತು, ಪಕ್ಕದಲ್ಲಿದ್ದ ಕಾಫಿ ಆರಿಹೋಯಿತು, ಅದಕ್ಕೇ ಈ ಪತ್ರ ಉದ್ದವಾಗುತ್ತಿದೆ.

ಮೊದಲ ತಕರಾರು. ‘ವಿಷಾನಿಲಗಳ ಹೊರಸೂಸುವಿಕೆಯನ್ನು ನಿಯಂತ್ರಿಸಲು ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಗುತ್ತಿದೆ’ ಅಂತ ಬರೆದಿದ್ದೀರಿ. ಕೈಗೊಳ್ಳುತ್ತಿರುವುದು ಯಾರ ಕೈ? 1981ರ ವಾಯು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಕಾರ್ಖಾನೆ ನಡೆಯಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಮಂಡಳಿಯವರು ಷರತ್ತು ಬರೆಯುತ್ತಾರೆ. ಕಾರ್ಖಾನೆಯವರು ಯಂತ್ರ ಕೂರಿಸುತ್ತಾರೆ. ಲ್ಯಾಬಿನವರು ಬಂದು ಅಳೆಯುತ್ತಾರೆ. ನಿಮ್ಮ ವಾಕ್ಯದಲ್ಲಿ ಈ ಮೂವರಲ್ಲಿ ಒಬ್ಬರೂ ಇಲ್ಲ. ‘ವಿಷಾನಿಲ’ ಅಂದರೆ ಯಾವುದು, ‘ಸೂಕ್ತ ಕ್ರಮ’ ಅಂದರೆ ಏನು ಅನ್ನೋದೂ ಇಲ್ಲ. ವಿಸ್ಕೋಸ್ ಅನ್ನೋ ವಿಧಾನದಲ್ಲಿ ರೇಯಾನ್ ಮಾಡುವ ಕಡೆ ಮುಖ್ಯವಾಗಿ ಎರಡು ಅನಿಲ: ಕಾರ್ಬನ್ ಡೈಸಲ್ಫೈಡ್, ಹೈಡ್ರೋಜನ್ ಸಲ್ಫೈಡ್. ಎರಡನೆಯದನ್ನು ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಹಿಡಿಯಬಹುದು. ಮೊದಲನೆಯದನ್ನು ಇದ್ದಿಲಿನ ಹಾಸಿನ ಮೇಲೆ ಹಾಯಿಸಿ ಹಿಡಿದು, ಆಮೇಲೆ ಆ ಇದ್ದಿಲಿಗೆ ಹಬೆ ಬಿಟ್ಟು ಬಿಡಿಸಿ, ತಣ್ಣಗೆ ಮಾಡಿ ಮತ್ತೆ ಬಳಸಬಹುದು. ನಿಮ್ಮ ಕಾರ್ಖಾನೆಯಲ್ಲಿ ಇವುಗಳಲ್ಲಿ ಯಾವುದಿದೆ? ಕೇಳಿ ಬರೆಯಿರಿ. ಕೇಳಿದರೂ ಹೇಳದಿದ್ದರೆ ‘ಕೇಳಿದೆ, ಹೇಳಲಿಲ್ಲ’ ಅಂತ ಬರೆಯಿರಿ. ಅದೂ ಸುದ್ದಿಯೇ ಅಲ್ವಾ?

ಎರಡನೇ ತಕರಾರು ಇದಕ್ಕಿಂತ ದೊಡ್ಡದು. ನಿಮ್ಮ ಅಂಕಿಗಳಿಗೆ ತಲೆ ಇದೆ, ಕಾಲಿಲ್ಲ.

‘ಸಿಂಥೆಟಿಕ್ ನೂಲಿಗೆ ಅಮೆರಿಕದಲ್ಲಿ ಕೇವಲ 10 ಕೆ.ಜಿ. ಮಿತಿ ಇದೆ, ನಮ್ಮಲ್ಲಿ ಅಂಥ ಕಾಳಜಿ ಎಲ್ಲಿ?’ ಎಷ್ಟಕ್ಕೆ 10 ಕೆ.ಜಿ.? ದಿನಕ್ಕಾ, ಟನ್ನಿಗಾ, ತಲೆಗಾ? ನೀವು ಹೇಳುತ್ತಿರುವುದು ಅವರ 1984ರ ನಿಯಮ. ಅದರಲ್ಲಿರುವುದು ಹೀಗೆ: ಯಂತ್ರಕ್ಕೆ ಹಾಕಿದ ಪ್ರತಿ 1,000 ಕೆ.ಜಿ. ದ್ರಾವಕಕ್ಕೆ, ಅಂದರೆ ಕರಗಿಸುವ ದ್ರವಕ್ಕೆ, ಗಾಳಿಗೆ ಹೋಗುವ ಸಾವಯವ ರಾಸಾಯನಿಕಗಳ ಆವಿ 10 ಕೆ.ಜಿ. ಮೀರಬಾರದು. ಅದೂ ಅಕ್ರಿಲಿಕ್ ಅನ್ನೋ ನಾರಿಗೆ. ಬೇರೆ ನಾರಿಗೆ 17. ಲೆಕ್ಕ ಆರು ತಿಂಗಳ ಸರಾಸರಿಯದು. ಅಕ್ರಿಲಿಕ್ ಮಾಡುವವರು ಪಾಲಿಮರನ್ನು, ಅಂದರೆ ಪ್ಲಾಸ್ಟಿಕ್ಕಿನಂಥ ಮೂಲವಸ್ತುವನ್ನು, ದ್ರಾವಕದಲ್ಲಿ ಕರಗಿಸಿ ಎಳೆ ತೆಗೆಯುತ್ತಾರೆ, ಆಮೇಲೆ ಆ ದ್ರಾವಕ ನಾರಿನಿಂದ ಹೊರಗೆ ಬರಲೇಬೇಕು. ಹಾಕಿದ್ದರಲ್ಲಿ ಎಷ್ಟು ವಾಪಸ್ ಹಿಡಿದರು ಅನ್ನೋದಕ್ಕೇ ಆ ನಿಯಮ ಗಂಟು ಬಿದ್ದಿದೆ.

ಇನ್ನು ತಮಾಷೆ ಕೇಳಿ. ವಿಸ್ಕೋಸ್ ವಿಧಾನದಲ್ಲಿ ರೇಯಾನ್ ಮಾಡುವ ಕಾರ್ಖಾನೆಗೆ ಇದು ಅನ್ವಯಿಸಲ್ಲ ಅಂತ ಅದೇ ನಿಯಮದಲ್ಲಿ ಬಾಯಿಬಿಟ್ಟು ಬರೆದಿದ್ದಾರೆ! ನೀವು ಹಿಡಿದುಕೊಂಡು ಓಡಾಡಿದ ಕೋಲು ನಿಮ್ಮ ಹಾವಿನದ್ದೇ ಅಲ್ಲ. ರೇಯಾನ್ ಥರದ ಸೆಲ್ಯುಲೋಸ್ ವಸ್ತುಗಳಿಗೆ ಅವರು 2002ರಲ್ಲಿ ಬೇರೆಯೇ ನಿಯಮ ಮಾಡಿದರು. ಕಾರಣ ಸರಳ. ರೇಯಾನ್ ಹುಟ್ಟುವುದು ಮರದ ತಿರುಳಿನಿಂದ. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಿಂಡಿ, ಪುಡಿ ಮಾಡಿ, ಕಾರ್ಬನ್ ಡೈಸಲ್ಫೈಡ್ ಕೂಡಿಸಿದರೆ ಅದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕರಗಿಸಿದರೆ ಜೇನಿನ ಹಾಗೆ ಎಳೆಯುವ ದ್ರವ. ಅದನ್ನು ಸಣ್ಣ ತೂತುಗಳಿಂದ ಗಂಧಕಾಮ್ಲದ ತೊಟ್ಟಿಯೊಳಗೆ ಒತ್ತುತ್ತಾರೆ. ಅಲ್ಲಿ ನಾರು ಗಟ್ಟಿಯಾಗುತ್ತದೆ, ಕೂಡಿಸಿದ್ದ ಗಂಧಕದ ಅನಿಲ ಬಿಟ್ಟುಕೊಂಡು ಮೇಲೆ ಬರುತ್ತದೆ. ನಿಮ್ಮ ಅಜ್ಜಿಯ ಮೂಗಿಗೆ ಬಂದ ಕೊಳೆತ ಮೊಟ್ಟೆಯ ವಾಸನೆ ಆ ತೊಟ್ಟಿಯಲ್ಲಿ ಹುಟ್ಟುವಂಥದ್ದು. ಇಷ್ಟು ಬರೆದಿದ್ದರೆ ಅಜ್ಜಿಯ ಸಾಲಿಗೂ ಕಾನೂನಿಗೂ ಸಂಬಂಧ ಸಿಗುತ್ತಿತ್ತು. (ಹತ್ತಿಯ ಹಾಗೆ ತುಂಡು ತುಂಡಾಗಿ ಬೇಲ್ ಕಟ್ಟಿ ಹೋಗುವುದು ನಾರು, ನೂಲಲ್ಲ. ನೂಲು ಆಗುವುದು ಮುಂದೆ, ಬೇರೆ ಮಿಲ್ಲಿನಲ್ಲಿ. ಲೇಖನದುದ್ದಕ್ಕೂ ನೂಲು ಅಂದಿದ್ದೀರಿ.)

ಮುಂದಿನ ಸಾಲು: ‘ಜನರೇಟರಿನ ಚಿಮಣಿ 0.2 ಮೀಟರ್ ಇರಬೇಕು.’ ಹೆಚ್ಚುಕಡಿಮೆ ಒಂದು ಗೇಣು! ಒಂದು ಗೇಣಿನ ಚಿಮಣಿ ಇಟ್ಟರೆ ಹೊಗೆ ಆಪರೇಟರನ ಮೂಗಿಗೇ. ಸೂತ್ರ ಹೀಗಿದೆ: ಕಟ್ಟಡದ ಎತ್ತರ, ಅದರ ಮೇಲೆ ಕೆವಿಎಯ (ಜನರೇಟರಿನ ಸಾಮರ್ಥ್ಯದ ಅಳತೆ) ವರ್ಗಮೂಲದ 0.2 ಪಟ್ಟು. 100 ಕೆವಿಎ ಜನರೇಟರಾದರೆ ವರ್ಗಮೂಲ 10, ಅದರ 0.2 ಪಟ್ಟು 2. ಅಂದರೆ ಕಟ್ಟಡಕ್ಕಿಂತ 2 ಮೀಟರ್ ಮೇಲೆ. ನೀವು ಸೂತ್ರದ ನಡುವಿನಿಂದ ಒಂದು ಅಂಕಿ ಕಿತ್ತು ತಂದಿದ್ದೀರಿ, ಅಷ್ಟೇ.

ಈಗ ನನ್ನ ಕಾಫಿ ಆರಿಸಿದ ಸಾಲು. ‘ಬಾಯ್ಲರಿನ ಚಿಮಣಿಯಲ್ಲಿ ಧೂಳು 780 ಇದ್ದು, ಮಿತಿ 800 ಇರುವುದರಿಂದ ಆತಂಕ ಪಡಬೇಕಿಲ್ಲ.’ ಗಂಟೆಗೆ 8 ಟನ್ ಹಬೆಯ ಬಾಯ್ಲರ್ ಅಂದಿದ್ದೀರಿ. 800 ಅನ್ನೋದು 2ರಿಂದ 10 ಟನ್ನಿನೊಳಗಿನ ಬಾಯ್ಲರುಗಳ ಮಿತಿ, ಪ್ರತಿ ಘನಮೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಅಲ್ಲಿಯವರೆಗೆ ಸರಿ. ಆದರೆ ಅದೇ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ: ಅಳತೆಯನ್ನು 12 ಶೇಕಡಾ ಕಾರ್ಬನ್ ಡೈಆಕ್ಸೈಡಿಗೆ ಸರಿಹೊಂದಿಸಬೇಕು. ಚಿಮಣಿಗೆ ಹೊರಗಿನ ಗಾಳಿ ಜಾಸ್ತಿ ನುಗ್ಗಿದರೆ ಹೊಗೆ ತೆಳುವಾಗುತ್ತದೆ. ಹಾಲಿಗೆ ನೀರು ಬೆರೆಸಿ ಕೊಬ್ಬು ಕಮ್ಮಿ ಇದೆ ಅಂದ ಹಾಗೆ. ಆ ನೀರನ್ನು ಲೆಕ್ಕದಲ್ಲಿ ತೆಗೆಯುವುದಕ್ಕೇ ಈ 12. ನೀವೇ ಕಳಿಸಿದ, ಆ ಚಿಮಣಿ ಅಳತೆಯ ರಿಪೋರ್ಟಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕಾರ್ಬನ್ ಡೈಆಕ್ಸೈಡ್ 6 ಶೇಕಡಾ. 780 ಅನ್ನೋದು ಸರಿಹೊಂದಿಸದ ಅಳತೆ ಅಂತಾನೂ ಪಕ್ಕದಲ್ಲೇ ಇದೆ. 12ನ್ನು 6ರಿಂದ ಭಾಗಿಸಿ, 780ರಿಂದ ಗುಣಿಸಿ: 1,560. ಆತಂಕ ಪಡಬೇಕಿಲ್ಲ ಅಂದಿರಲ್ಲ, ಸ್ವಾಮಿ! ನಿಮ್ಮ ಲೇಖನದ ನಿಜವಾದ ಸುದ್ದಿ ನಿಮ್ಮದೇ ಫೋಟೋದಲ್ಲಿ ಸುಮ್ನೆ ಕೂತಿತ್ತು.

ಈ ರೋಗ ನನಗೂ ಇತ್ತು. ದಾವಣಗೆರೆಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಾ ಆಗಾಗ ವರದಿ ಬರೆಯುತ್ತಿದ್ದೆ. ಒಂದು ಮಿಲ್ಲಿನ ಹೊಗೆಯ ಬಗ್ಗೆ ‘ಕ್ರಮ ಕೈಗೊಳ್ಳಲಾಗುವುದು ಎಂದು ತಿಳಿಸಲಾಗಿದೆ’ ಅಂತ ಬರೆದು ಕೊಟ್ಟೆ. ನಮ್ಮ ಸಂಪಾದಕರು ಮಾತೇ ಆಡಲಿಲ್ಲ. ಕೆಂಪು ಪೆನ್ನಿನಲ್ಲಿ ಪಕ್ಕಕ್ಕೆ ‘ಯಾರಪ್ಪ?’ ಅಂತ ಬರೆದು ಹಾಳೆ ವಾಪಸ್ ದಬ್ಬಿದರು. ಮೂರು ಸಲ ಹೋಗಿ ಬಂದೆ. ಮೂರನೇ ಸಲ ಲ್ಯಾಬಿನ ಹುಡುಗನೊಬ್ಬ ಕರುಣೆ ಬಂದು, ಬನ್ನಿ ಸಾರ್, ನೋಡೇಬಿಡಿ ಅಂತ ಚಿಮಣಿ ಹತ್ತಿಸಿದ. ಕಬ್ಬಿಣದ ಏಣಿ ಬಿಸಿಲಿಗೆ ಕಾದು ಅಂಗೈ ಸುಡುತ್ತಿತ್ತು. ಕೆಳಗೆ ನೋಡಬಾರದು ಅಂದಿದ್ದ, ನೋಡಿದೆ, ಕಾಲು ನಡುಗಿತು.

ಮೇಲಿನ ಅಟ್ಟಣಿಗೆಯಲ್ಲಿ ಚಿಮಣಿಗೆ ಒಂದು ತೂತು, ಅದಕ್ಕೆ ಮುಚ್ಚಳ. ಅದನ್ನು ತೆಗೆದು ಉದ್ದನೆಯ ಕೊಳವೆ ತೂರಿಸಿದ. ಅದರೊಳಗೆ ಥಿಂಬಲ್ ಅಂತ ಬೆರಳಿಗೆ ಹಾಕುವ ಟೋಪಿಯಂಥದ್ದು, ಬಿಳಿ, ಮೊದಲೇ ತೂಕ ಮಾಡಿ ತಂದದ್ದು. ಪಂಪು ಹೊಗೆ ಎಳೆಯುತ್ತದೆ, ಧೂಳು ಥಿಂಬಲಿನಲ್ಲಿ ಉಳಿಯುತ್ತದೆ, ಗಾಳಿ ಮಾತ್ರ ಮುಂದೆ ಮೀಟರಿಗೆ ಹೋಗುತ್ತದೆ. ನೀರಿನ ಮೀಟರಿನ ಹಾಗೆಯೇ ಮುಳ್ಳು ತಿರುಗುತ್ತಾ ಇತ್ತು. ಆಮೇಲೆ ಹೊರತೆಗೆದಾಗ ಥಿಂಬಲ್ ಬೂದಿ ಬಣ್ಣ. ಆ ಬೂದಿಯ ತೂಕ ಮೇಲೆ, ಮೀಟರ್ ತೋರಿಸಿದ ಗಾಳಿ ಕೆಳಗೆ, ನಡುವೆ ಒಂದು ಗೆರೆ. ನಾನು ಅಷ್ಟು ದಿನ ಗೆರೆಯ ಕೆಳಗಿನದನ್ನು ಬಿಟ್ಟು ಬರೆಯುತ್ತಿದ್ದೆ. ಇಳಿದು ಬಂದು ಬರೆದ ವರದಿಯಲ್ಲಿ ಆ ಹುಡುಗನೂ ಇದ್ದ, ಮೀಟರೂ ಇತ್ತು. ಸಂಪಾದಕರು ಈ ಸಲ ಏನೂ ಬರೆಯದೆ ಕಂಪೋಸಿಂಗಿಗೆ ಕಳಿಸಿದರು. ಆಮೇಲೆ ಜಾಗ ಸಾಲದೆ ಅರ್ಧ ಕತ್ತರಿಸಿದರು, ಅದು ಬೇರೆ ಮಾತು.

ಲೇಖನದ ಕೊನೆಯ ಎರಡು ಪುಟದ ಬಗ್ಗೆ, ಆ ಕವಿತೆಯ ಬಗ್ಗೆ, ಈಗ ಏನೂ ಹೇಳಲ್ಲ. ಮೊದಲು ಇಷ್ಟು ತಿದ್ದಿ ಕಳಿಸಿ. ಅಜ್ಜಿಯನ್ನು ಮುಟ್ಟಬೇಡಿ. ಅಮೆರಿಕವನ್ನು ತೆಗೆಯಿರಿ, ಇಲ್ಲವೇ ಸರಿಯಾದ ನಿಯಮ ಓದಿ ಬರೆಯಿರಿ. 1,560ರ ಲೆಕ್ಕ ಹಿಡಿದುಕೊಂಡು ಕಾರ್ಖಾನೆಯವರನ್ನೂ ಮಂಡಳಿಯವರನ್ನೂ ಕೇಳಿ, ಅವರ ಉತ್ತರ ಹಾಕದೆ ನಾನು ಅಚ್ಚು ಮಾಡಲ್ಲ. ಇನ್ನೊಂದು, ಆ ರಿಪೋರ್ಟಿನ ಫೋಟೋದಲ್ಲಿ ಕೆಳಗಿನ ಎಡಮೂಲೆ ನಿಮ್ಮ ಹೆಬ್ಬೆಟ್ಟಿನಡಿ ಮುಚ್ಚಿಹೋಗಿದೆ. ಅಳತೆಯ ದಿನ ಬಾಯ್ಲರ್ ಎಷ್ಟು ಲೋಡಿನಲ್ಲಿ ಓಡುತ್ತಿತ್ತು ಅಂತ ಅಲ್ಲೇ ಬರೆದಿರಬಹುದು. ಬೆರಳು ತೆಗೆದು ಇನ್ನೊಂದು ಫೋಟೋ ಕಳಿಸಿ.